ಹೊಗಳಿದರೆ ಸಾಲದು, ಲೆಕ್ಕಕ್ಕೂ ಬರಬೇಕು

ಮನೆಯಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸದ, ಆರೈಕೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಐರ್ಲೆಂಡ್ ದೇಶದ ಸಂವಿಧಾನದಿಂದ ಶುರು ಮಾಡುತ್ತೇನೆ. ಅದು 1937ರದ್ದು. ಅದರ 41ನೇ ವಿಧಿಯಲ್ಲಿ ಒಂದು ಮಾತಿದೆ. ಹೆಣ್ಣು ಮನೆಯೊಳಗಿನ ತನ್ನ ಬದುಕಿನಿಂದ ದೇಶಕ್ಕೆ ಒಂದು ಆಸರೆ ಕೊಡುತ್ತಾಳೆ, ಆ ಆಸರೆ ಇಲ್ಲದೆ ಎಲ್ಲರ ಒಳಿತು ಸಾಧ್ಯವಿಲ್ಲ, ಇದನ್ನು ಸರ್ಕಾರ ಗುರುತಿಸುತ್ತದೆ ಎಂದು. ಹಣದ ಅಡಚಣೆಗೆ ತಾಯಂದಿರು ಮನೆಯ ಹೊಣೆ ಬಿಟ್ಟು ದುಡಿಯಲು ಹೋಗುವ ಪರಿಸ್ಥಿತಿ ಬಾರದಂತೆ ನೋಡಿಕೊಳ್ಳಲು ಸರ್ಕಾರ ಪ್ರಯತ್ನಿಸುತ್ತದೆ ಎಂದೂ ಅಲ್ಲಿ ಬರೆದಿದೆ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಗೃಹಿಣಿಗೆ ಇಷ್ಟು ದೊಡ್ಡ ಜಾಗದಲ್ಲಿ ಇಷ್ಟು ಒಳ್ಳೆಯ ಮಾತು ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಈಗ ಅದೇ ದೇಶದಲ್ಲಿ ಆ ಗೃಹಿಣಿಯ ಬದುಕು ಹೇಗಿತ್ತು ನೋಡಿ. ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣುಮಕ್ಕಳು ಮದುವೆಯಾದ ಕೂಡಲೇ ಕೆಲಸ ಬಿಡಬೇಕು ಅನ್ನುವ ನಿಯಮ ಅಲ್ಲಿ 1973ರವರೆಗೂ ಇತ್ತು. ಬಿಟ್ಟರು. ಮಕ್ಕಳನ್ನು ಬೆಳೆಸಿದರು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡರು. ತಮಗೇ ವಯಸ್ಸಾದ ಮೇಲೆ ಪಿಂಚಣಿ ಕೇಳಲು ಹೋದಾಗ, ನೀವು ದುಡಿದು ಪಿಂಚಣಿಗೆ ವಂತಿಗೆ ಕಟ್ಟಿದ ವರ್ಷಗಳು ಸಾಲದು ಎಂಬ ಉತ್ತರ ಬಂತು. ಮನೆ ನೋಡಿಕೊಂಡ ವರ್ಷಗಳನ್ನು ಪಿಂಚಣಿ ಲೆಕ್ಕದಲ್ಲಿ ಗಮನಿಸುವ ಯೋಜನೆ ಬಂದದ್ದು 1994ರಲ್ಲಿ. ಅದೂ 1994ರ ಏಪ್ರಿಲ್‌ನಿಂದ ಈಚಿನ ವರ್ಷಗಳಿಗೆ ಮಾತ್ರ. ನಿಯಮಕ್ಕೆ ತಲೆಬಾಗಿ ಕೆಲಸ ಬಿಟ್ಟಿದ್ದ ಹಿಂದಿನ ತಲೆಮಾರಿಗೆ ಅದರಿಂದ ಏನೂ ಸಿಗಲಿಲ್ಲ. 2018ರಲ್ಲಿ ಮತ್ತೆ ನಿಯಮ ತಿದ್ದಿದರು. ಮನೆಯಲ್ಲಿ ಆರೈಕೆ ಮಾಡಿದ 20 ವರ್ಷಗಳವರೆಗೆ, ಅದು ಯಾವ ಕಾಲದ್ದೇ ಆಗಿರಲಿ, ಪಿಂಚಣಿಗೆ ಸೇರಿಸಬಹುದು ಎಂದಾಯಿತು. 2024ರ ಜನವರಿಯಿಂದ, 20 ವರ್ಷಕ್ಕಿಂತ ಜಾಸ್ತಿ ಕಾಲ ಪೂರ್ಣಾವಧಿ ಆರೈಕೆ ಮಾಡಿದವರಿಗೂ ವಂತಿಗೆ ಕಟ್ಟಿದವರಂತೆಯೇ ಪಿಂಚಣಿ ಸಿಗುವ ದಾರಿ ತೆರೆಯಿತು.

ಅದೇ 2024ರ ಮಾರ್ಚ್ 8ರಂದು ಅಲ್ಲಿ ಒಂದು ಜನಮತಗಣನೆ ನಡೆಯಿತು. ಸಂವಿಧಾನದ ಆ ಹಳೆಯ ಮಾತನ್ನು ತೆಗೆದು, ಕುಟುಂಬದವರು ಒಬ್ಬರಿಗೊಬ್ಬರು ಮಾಡುವ ಆರೈಕೆಯನ್ನು ಬೆಂಬಲಿಸಲು ಸರ್ಕಾರ ಶ್ರಮಿಸುತ್ತದೆ ಎಂದು ಸೇರಿಸುವ ಪ್ರಸ್ತಾಪ. ಗಂಡು ಹೆಣ್ಣು ಭೇದ ಇಲ್ಲದ, ಕಾಲಕ್ಕೆ ತಕ್ಕ ಮಾತು ತಾನೆ? ಆದರೂ ಸುಮಾರು ನೂರಕ್ಕೆ 74 ಮಂದಿ ಬೇಡ ಅಂದರು. ಅದಕ್ಕೆ ಕಾರಣ ಹಲವು. ಅವುಗಳಲ್ಲಿ ಒಂದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆರೈಕೆ ಮಾಡುವವರಲ್ಲಿ, ಅಂಗವಿಕಲರಲ್ಲಿ ಎಷ್ಟೋ ಜನ ಕೇಳಿದ್ದು ಇದನ್ನೇ: ‘ಶ್ರಮಿಸುತ್ತದೆ’ ಅಂದರೆ ನಾಳೆ ನಾನು ಕೋರ್ಟಿಗೆ ಹೋಗಿ ಏನನ್ನು ಕೇಳಬಹುದು?

ನನ್ನ ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಹೊಗಳಿಕೆ ಬೇರೆ, ಮಾನ್ಯತೆ ಬೇರೆ. ಆರೈಕೆ ಮಾಡಿದವಳು ಅದನ್ನೇ ಹಿಡಿದುಕೊಂಡು ಹೋಗಿ ಇದು ನನ್ನ ಹಕ್ಕು ಎಂದು ಏನನ್ನಾದರೂ ಕೇಳಿ ಪಡೆಯುವಂತಿದ್ದರೆ ಅದನ್ನು ಮಾನ್ಯತೆ ಅನ್ನುತ್ತೇನೆ. ಮುಪ್ಪಿಗೆ ಪಿಂಚಣಿ, ಈಗ ಸ್ವಲ್ಪ ಬಿಡುವು, ಕೂಡಿ ಕಟ್ಟಿದ ಆಸ್ತಿಯಲ್ಲಿ ಪಾಲು. ಇವುಗಳಲ್ಲಿ ಒಂದೂ ಕೈಗೆ ಬರದಿದ್ದರೆ ಅದಕ್ಕೆ ಎಷ್ಟು ಗೌರವದ ಮಾತು ಹೊದಿಸಿದರೂ ಪ್ರಯೋಜನವಿಲ್ಲ.

ಈ ಕೆಲಸ ಸರ್ಕಾರದ ಲೆಕ್ಕದಿಂದ ಹೊರಗೆ ಉಳಿದದ್ದು ಹೇಗೆ? ಯಾರೋ ಮರೆತುಬಿಟ್ಟರು ಅಂತ ನಾವು ಅಂದುಕೊಳ್ಳುತ್ತೇವೆ. ಯಾರೂ ಮರೆತಿಲ್ಲ. ಯೋಚಿಸಿಯೇ ಹೊರಗಿಟ್ಟರು. ನೂರು ವರ್ಷಗಳ ಹಿಂದೆಯೇ ಪಿಗೂ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು ಹೇಳಿದ್ದರು: ಒಬ್ಬ ಮನುಷ್ಯ ತನ್ನ ಮನೆಯ ಕೆಲಸದವಳನ್ನೇ ಮದುವೆಯಾದರೆ ರಾಷ್ಟ್ರೀಯ ಆದಾಯ ಅಷ್ಟು ಇಳಿಯುತ್ತದೆ. ಮನೆ ಅದೇ, ಕೆಲಸ ಅದೇ, ಮಾಡುವವಳೂ ಅವಳೇ. ಸಂಬಳ ನಿಂತಿತು, ಹಾಗಾಗಿ ಲೆಕ್ಕದಿಂದಲೂ ಹೋಯಿತು. 1953ರಲ್ಲಿ ವಿಶ್ವಸಂಸ್ಥೆ ಎಲ್ಲ ದೇಶಗಳಿಗೂ ಒಂದೇ ರೀತಿಯ ರಾಷ್ಟ್ರೀಯ ಲೆಕ್ಕ ಪದ್ಧತಿ ಹೊರಡಿಸಿತು. ಜಿಡಿಪಿ ಅಂತ ನಾವು ದಿನಾ ಕೇಳುವ ಸಂಖ್ಯೆ ಆ ಪದ್ಧತಿಯಿಂದಲೇ ಬರುವುದು. ಯಾವುದನ್ನು ಉತ್ಪಾದನೆ ಎಂದು ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ಅದರಲ್ಲಿ ಒಂದು ಗೆರೆ ಇದೆ. ಮನೆಯ ಬಳಕೆಗೆಂದು ಬೆಳೆದ ಬೆಳೆ ಗೆರೆಯ ಒಳಗೆ. 1993ರ ಪರಿಷ್ಕರಣೆಯ ನಂತರ, ಮನೆಗೆ ಹೊತ್ತು ತಂದ ನೀರೂ ಒಳಗೆ. ಆದರೆ ಆ ಬೆಳೆಯನ್ನು ಆ ನೀರಲ್ಲಿ ಬೇಯಿಸಿ ಹಾಸಿಗೆ ಹಿಡಿದವರ ಬಾಯಿಗೆ ಇಡುವುದು ಗೆರೆಯ ಹೊರಗೆ.

ಇದರಲ್ಲಿ ನನ್ನನ್ನು ಬಹಳ ಕಾಡುವುದು ಇನ್ನೊಂದು. ನೀವು ಸ್ವಂತ ಮನೆಯಲ್ಲಿದ್ದೀರಿ ಅಂದುಕೊಳ್ಳಿ. ಬಾಡಿಗೆ ಕೊಡುವುದಿಲ್ಲ. ಆದರೂ ನೀವೇ ನಿಮಗೆ ಬಾಡಿಗೆ ಕೊಡುತ್ತಿದ್ದೀರಿ ಎಂದು ಊಹಿಸಿ, ಆ ಮೊತ್ತವನ್ನು ಅಂದಾಜು ಮಾಡಿ ಜಿಡಿಪಿಗೆ ಸೇರಿಸುತ್ತಾರೆ. ಅಂದರೆ ಹಣ ಕೈ ಬದಲಾಯಿಸದಿದ್ದರೂ ಬೆಲೆ ಕಟ್ಟುವುದು ಅವರಿಗೆ ಗೊತ್ತು. ಗೋಡೆಗೆ ಬೆಲೆ ಕಟ್ಟಿದರು. ಆ ಗೋಡೆಯೊಳಗೆ ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಕೆಲಸಕ್ಕೆ ಕಟ್ಟಲಿಲ್ಲ.

ಗೆರೆ ಎಳೆದವರಿಗೂ ಅವರದೇ ಕಾರಣಗಳಿದ್ದವು, ಅದನ್ನೂ ಹೇಳಬೇಕು. ಮನೆಕೆಲಸವನ್ನೂ ಸೇರಿಸಿದರೆ ಸಂಖ್ಯೆ ಎಷ್ಟು ದೊಡ್ಡದಾಗುತ್ತದೆ ಎಂದರೆ ಮಾರುಕಟ್ಟೆಯ ಏರಿಳಿತವೇ ಕಾಣದೆ ಹೋಗುತ್ತದೆ. ಎಲ್ಲರೂ ಕೆಲಸದಲ್ಲಿರುವವರೇ ಆಗಿಬಿಟ್ಟರೆ ನಿರುದ್ಯೋಗ ಅಳೆಯುವುದಾದರೂ ಹೇಗೆ? ಈ ವಾದದಲ್ಲಿ ಹುರುಳಿದೆ. ಹಾಗಾಗಿ ಜಿಡಿಪಿಯ ಒಳಗೇ ತುರುಕಿ ಅಂತ ನಾನು ಹಟ ಮಾಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಖಾತೆ ತೆರೆಯಿರಿ. ಮೆಕ್ಸಿಕೊ ಪ್ರತಿ ವರ್ಷ ಹಾಗೆ ಮಾಡುತ್ತದೆ. ಸಂಬಳವಿಲ್ಲದ ಮನೆಕೆಲಸಕ್ಕೂ ಆರೈಕೆಗೂ ಪ್ರತ್ಯೇಕ ಲೆಕ್ಕ ಹಾಕಿ ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದರ ಬೆಲೆ ಆ ದೇಶದ ಜಿಡಿಪಿಯ ಸುಮಾರು ಕಾಲು ಭಾಗಕ್ಕೆ ಸಮ. 2013ರಲ್ಲಿ ಜಿನೀವಾದಲ್ಲಿ ಸೇರಿದ ಕಾರ್ಮಿಕ ಅಂಕಿಅಂಶ ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನವೂ ಸಂಬಳವಿಲ್ಲದ ಮನೆಯ ದುಡಿಮೆಯನ್ನು ಕೆಲಸವೆಂದೇ ಕರೆಯಬೇಕು ಎಂದು ಒಪ್ಪಿಕೊಂಡಿದೆ. ಆ ನಿರ್ಣಯ ಬಂದು ಇಷ್ಟು ವರ್ಷವಾಯಿತು. ಅದು ಎಷ್ಟು ಸರ್ಕಾರಿ ನಮೂನೆಗಳಿಗೆ ಇಳಿದಿದೆ?

ಲೆಕ್ಕ ಹಾಕಬೇಕಾದರೆ ಮೊದಲು ಸರಿಯಾಗಿ ಕೇಳಬೇಕು. ನೀವು ಏನು ಕೆಲಸ ಮಾಡುತ್ತೀರಿ ಎಂದರೆ ಬರುವ ಉತ್ತರ ಒಂದು. ನಿನ್ನೆ ಇಡೀ ದಿನ ಏನೇನು ಮಾಡಿದಿರಿ ಎಂದರೆ ಬರುವ ಉತ್ತರವೇ ಬೇರೆ. ಭಾರತದ ಸಮಯ ಬಳಕೆ ಸಮೀಕ್ಷೆ ಎರಡನೆಯ ರೀತಿಯದು. ನಿನ್ನೆ ಬೆಳಗಿನ ಜಾವ ನಾಲ್ಕರಿಂದ ಇವತ್ತು ನಾಲ್ಕರವರೆಗೆ, ಅರ್ಧ ಅರ್ಧ ಗಂಟೆಯಾಗಿ ಕೇಳುತ್ತಾ ಹೋಗುತ್ತಾರೆ. 2024ರ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಕೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದರು. ತೊಡಗಿದ ಗಂಡಸರು 88 ನಿಮಿಷ. ಇಡೀ ಜಗತ್ತಿನ ಅಂದಾಜು ಬೇಕೆಂದರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ನೋಡಿ. ದಿನಕ್ಕೆ 1,640 ಕೋಟಿ ಗಂಟೆ. 200 ಕೋಟಿ ಜನ ಸಂಬಳವಿಲ್ಲದೆ ದಿನಕ್ಕೆ ಎಂಟು ಗಂಟೆ ದುಡಿದ ಹಾಗೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಣ್ಣುಮಕ್ಕಳದು.

ಈ ಅರ್ಧ ಗಂಟೆಯ ಚೌಕಗಳಿಗೂ ಸಿಗದ ಕೆಲಸ ಇದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಎದ್ದು ಓಡಾಡಲಾಗದ ಒಬ್ಬರು ಮನೆಯಲ್ಲಿ ಮಲಗಿದ್ದಾರೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ. ಅದಕ್ಕೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಅಂತ ಹೇಳಿ ಕಳಿಸುತ್ತಾರೆ. ಹೇಳುವುದು ಸುಲಭ. ತೋಳು ಹಿಡಿದು ಎಳೆದರೆ ಭುಜ ನೋಯುತ್ತದೆ, ಚರ್ಮ ಉಜ್ಜಿ ಕೀಳುತ್ತದೆ. ಹಾಗಾಗಿ ಅವರ ಕೆಳಗೆ ಹಾಸಿದ ಬಟ್ಟೆಯ ಅಂಚನ್ನು ಸುತ್ತಿ ಹಿಡಿದು, ಮೈಯನ್ನು ನಿಧಾನವಾಗಿ ತಮ್ಮ ಕಡೆಗೆ ಹೊರಳಿಸಬೇಕು. ಬೆನ್ನಿಗೆ ಒಂದು ದಿಂಬು. ಮಂಡಿ ಮಂಡಿಗೆ ತಾಗದಂತೆ ನಡುವೆ ಒಂದು. ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಮೀನಖಂಡದ ಕೆಳಗೆ ಇನ್ನೊಂದು. ಆಮೇಲೆ ಬೆನ್ನಿನ ಕೆಳತುದಿ, ಸೊಂಟದ ಎಲುಬು, ಹಿಮ್ಮಡಿ ಇಷ್ಟನ್ನೂ ಬೆಳಕು ಹಾಕಿ ನೋಡಬೇಕು. ಎಲ್ಲಾದರೂ ಕೆಂಪಾಗಿದ್ದರೆ ಬೆರಳಿಟ್ಟು ಒತ್ತಬೇಕು. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಎಂದು ಮುಟ್ಟಿಯೇ ತಿಳಿಯಬೇಕು.

ಇದು ಸುಮ್ನೆ ಮನೆಯಲ್ಲಿ ಇರುವುದಾ? ಆಸ್ಪತ್ರೆಯಲ್ಲಿ ಇದೇ ಕೆಲಸಕ್ಕೆ ತರಬೇತಿ ಕೊಡುತ್ತಾರೆ, ಪಾಳಿ ಹಾಕುತ್ತಾರೆ, ಎಂಟೋ ಹನ್ನೆರಡೋ ಗಂಟೆಯಾದ ಮೇಲೆ ಇನ್ನೊಬ್ಬರು ಬಂದು ವಹಿಸಿಕೊಳ್ಳುತ್ತಾರೆ. ಮನೆಯಲ್ಲಿ ಎಲ್ಲ ಪಾಳಿಯೂ ಒಬ್ಬರದೇ. ರಾತ್ರಿ ಹನ್ನೆರಡಕ್ಕೆ ಹೊರಳಿಸಿ ಮಲಗಿದವರು ಎರಡಕ್ಕೆ ಎದ್ದೇಳಬೇಕು. ನಡುವೆ ನಿದ್ದೆ ಬಂದರೂ ಕಿವಿ ಆ ಕೋಣೆಯ ಕಡೆಗೇ ಇರುತ್ತದೆ. ಸಮೀಕ್ಷೆಯವರು ಕೇಳಿದರೆ ಆ ಹೊತ್ತು ನಿದ್ದೆ ಅಂತ ದಾಖಲಾಗುತ್ತದೆ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರದೂ ಇದೇ ಕಥೆ. ಕೈ ಖಾಲಿ ಇರಬಹುದು, ಆದರೆ ಮನೆ ಬಿಟ್ಟು ಹತ್ತು ನಿಮಿಷ ಹೊರಗೆ ಹೋಗುವಂತಿಲ್ಲ. ಬಾಗಿಲು ತೆಗೆದುಕೊಂಡು ಹೊರಟುಬಿಟ್ಟರೆ? ಒಲೆ ಹಚ್ಚಿಟ್ಟು ಮರೆತರೆ? ಈ ಕಾದಿರುವ ಹೊತ್ತನ್ನು ಅಳೆಯದ ಯಾವ ಲೆಕ್ಕವೂ ಪೂರ್ತಿ ಲೆಕ್ಕವಲ್ಲ.

ಇಂಥ ಆರೈಕೆಗೆ ಸರ್ಕಾರ ಹಣ ಕೊಡಬೇಕು ಅನ್ನುವ ವಿಚಾರ ಎಲ್ಲಿಂದ ಬಂತು? ಒಂದು ಮುಖ್ಯ ಎಳೆ ಬ್ರಿಟನ್ನಿನಲ್ಲಿದೆ. ಅಲ್ಲಿ ಮೇರಿ ವೆಬ್‌ಸ್ಟರ್ ಎಂಬ ಪಾದ್ರಿ ಇದ್ದರು. 1950ರ ದಶಕದಲ್ಲಿ, ಮೂವತ್ತರ ಆಸುಪಾಸಿನಲ್ಲಿ, ತಂದೆ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟರು. ಸಂಬಳ ಹೋಯಿತು, ಮುಂದಿನ ಪಿಂಚಣಿಯೂ ಹೋಯಿತು. 1963ರಲ್ಲಿ ಅವರು ತಮ್ಮ ಸ್ಥಿತಿ ಬರೆದು ಪತ್ರಿಕೆಗಳಿಗೆ ಕಳಿಸಿದರು. ಅವರಂಥ ಒಂಟಿ ಹೆಣ್ಣುಮಕ್ಕಳಿಂದ ರಾಶಿ ರಾಶಿ ಕಾಗದ ಬಂತು. 1965ರಲ್ಲಿ ಒಂದು ಸಂಘ ಕಟ್ಟಿದರು. ವೆಬ್‌ಸ್ಟರ್ 1969ರಲ್ಲಿ ತೀರಿಕೊಂಡರು, ಫಲ ನೋಡಲಿಲ್ಲ. 1976ರಲ್ಲಿ ಆರೈಕೆ ಮಾಡುವವರಿಗೆ ಭತ್ಯೆ ಬಂತು.

ಆದರೆ ಆ ಭತ್ಯೆ ಮದುವೆಯಾದ ಹೆಂಗಸರಿಗೆ ಇರಲಿಲ್ಲ. ಅವರು ಹೇಗೂ ಮನೆಯಲ್ಲೇ ಇರುವವರು, ನೋಡಿಕೊಳ್ಳುವುದು ಅವರ ಕೆಲಸವೇ ತಾನೆ, ಅನ್ನುವ ಧೋರಣೆ. ಹತ್ತು ವರ್ಷ ಹಾಗೇ ನಡೆಯಿತು. ಜ್ಯಾಕಲೀನ್ ಡ್ರೇಕ್ ಎಂಬ ಮದುವೆಯಾದ ಮಹಿಳೆ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದರು. ಅವರ ಪ್ರಕರಣ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 1986ರ ಜೂನ್‌ನಲ್ಲಿ ಅವರ ಪರವಾಗಿ ತೀರ್ಪು ಬಂತು. ತೀರ್ಪಿನ ಹಿಂದಿನ ದಿನವೇ ಸರ್ಕಾರ ತಾನಾಗಿ ನಿಯಮ ಬದಲಾಯಿಸುವುದಾಗಿ ಹೇಳಿತು. ‘ಹೇಗೂ ಮಾಡುತ್ತಾರೆ’ ಅನ್ನುವ ಮನೋಭಾವ ಎಷ್ಟು ಆಳಕ್ಕೆ ಬೇರುಬಿಟ್ಟಿತ್ತು ಎಂದರೆ, ಅದನ್ನು ಕೀಳಲು ದೇಶದ ಹೊರಗಿನ ಕೋರ್ಟು ಬೇಕಾಯಿತು.

ಆ ಭತ್ಯೆ ಇವತ್ತಿಗೂ ಇದೆ. ಅದರ ಷರತ್ತುಗಳನ್ನು ಸ್ವಲ್ಪ ನೋಡಿ, ಯಾಕೆಂದರೆ ಯೋಜನೆ ಮಾಡುವವರು ಇದರಿಂದ ಕಲಿಯಬೇಕಾದದ್ದು ಬಹಳ ಇದೆ. ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡಬೇಕು. 2024ರ ಏಪ್ರಿಲ್‌ನಲ್ಲಿ ಅದಕ್ಕೆ ಸಿಗುತ್ತಿದ್ದದ್ದು ವಾರಕ್ಕೆ 81.90 ಪೌಂಡ್. ಗಂಟೆಗೆ ಎರಡೂಕಾಲು ಪೌಂಡ್ ಚಿಲ್ಲರೆ. ಆಗ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್. ಭತ್ಯೆಯ ಜೊತೆಗೆ ಸಣ್ಣ ಪುಟ್ಟ ಕೆಲಸ ಮಾಡಬಹುದು, ಆದರೆ ಗಳಿಕೆ ಆಗ ವಾರಕ್ಕೆ 151 ಪೌಂಡ್ ಮೀರುವಂತಿರಲಿಲ್ಲ. ಒಂದು ಪೌಂಡ್ ಮೀರಿದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ಮೀರಿದಷ್ಟನ್ನು ಮಾತ್ರ ಕಳೆಯುವುದಿಲ್ಲ, ಪೂರ್ತಿ. ಯಾರ ಗಳಿಕೆ ಮಿತಿ ಮೀರಿದೆ ಎಂಬ ಮಾಹಿತಿ ತೆರಿಗೆ ದಾಖಲೆಗಳಿಂದ ಭತ್ಯೆ ಕೊಡುವ ಇಲಾಖೆಗೆ ಬರುತ್ತಿತ್ತು. ಆದರೆ ಎಲ್ಲವನ್ನೂ ಆಗಿಂದಾಗ್ಗೆ ನೋಡುತ್ತಿರಲಿಲ್ಲ. ವರ್ಷಗಳು ಕಳೆದ ಮೇಲೆ, ಸಾವಿರಾರು ಪೌಂಡ್ ವಾಪಸ್ ಕಟ್ಟಿ ಎಂದು ನೋಟಿಸು ಬರುತ್ತಿತ್ತು. ಲಕ್ಷಕ್ಕೂ ಹೆಚ್ಚು ಆರೈಕೆದಾರರು ಹೀಗೆ ಸಾಲಗಾರರಾದರು. 2024ರಲ್ಲಿ ದೊಡ್ಡ ಗದ್ದಲವಾಗಿ ವಿಚಾರಣೆ ನಡೆಯಿತು. 2025ರ ಏಪ್ರಿಲ್‌ನಲ್ಲಿ ಮಿತಿಯನ್ನು 196 ಪೌಂಡ್‌ಗೆ ಏರಿಸಿದರು. ನನಗೆ ಇದು ಸಣ್ಣ ಆಡಳಿತದ ತಪ್ಪು ಅಂತ ಅನಿಸುವುದಿಲ್ಲ. ಆರೈಕೆಯವರಿಗೆ ಕೊಡುವ ಹಣವನ್ನು ಉಪಕಾರ ಅಂದುಕೊಂಡು ನಿಯಮ ಬರೆದರೆ ಹೀಗೇ ಆಗುವುದು. ಹಗಲು ರಾತ್ರಿ ಒಬ್ಬರ ಹಾಸಿಗೆಯ ಪಕ್ಕ ಇರುವವರನ್ನು ಮೋಸಗಾರರ ಸಾಲಿಗೆ ನಿಲ್ಲಿಸಿದ್ದು ಕ್ರೂರ.

ಇನ್ನು ಎರಡು ದೇಶಗಳ ವಿಷಯ. ಜರ್ಮನಿ 1995ರಲ್ಲಿ ಆರೈಕೆ ವಿಮೆ ತಂದಿತು. ಕಾಯಿಲೆಗೆ ವಿಮೆ ಇರುವ ಹಾಗೆ, ಇನ್ನೊಬ್ಬರ ಆಸರೆ ಬೇಕಾಗುವ ಸ್ಥಿತಿಗೂ ವಿಮೆ. ನೌಕರರೂ ಕಟ್ಟುತ್ತಾರೆ, ಮಾಲೀಕರೂ ಕಟ್ಟುತ್ತಾರೆ. ಎಷ್ಟು ಆಸರೆ ಬೇಕು ಅನ್ನುವುದನ್ನು ಐದು ದರ್ಜೆಗಳಲ್ಲಿ ಅಳೆಯುತ್ತಾರೆ. ಮನೆಯವರೇ ನೋಡಿಕೊಳ್ಳುವುದಾದರೆ ಹಣ ಪಡೆಯಬಹುದು. 2025ರಲ್ಲಿ ಎರಡನೇ ದರ್ಜೆಗೆ ತಿಂಗಳಿಗೆ 347 ಯೂರೊ, ಐದನೇ ದರ್ಜೆಗೆ 990. ಬೇಡವಾದರೆ ಮನೆಗೇ ಬಂದು ಮಾಡುವ ನುರಿತವರ ಸೇವೆ ಪಡೆಯಬಹುದು, ಎರಡನ್ನೂ ಬೆರೆಸಿಕೊಳ್ಳಬಹುದು. ಇದು ಎಲ್ಲರಿಗೂ ಗೊತ್ತಿರುವ ಭಾಗ. ನನಗೆ ಹೆಚ್ಚು ಮುಖ್ಯ ಅನಿಸುವುದು ಅದರ ಹಿಂದಿನ ಭಾಗ. ವಾರದಲ್ಲಿ ಕನಿಷ್ಠ ಹತ್ತು ಗಂಟೆ, ಕನಿಷ್ಠ ಎರಡು ದಿನ ಆರೈಕೆ ಮಾಡುವ ಮನೆಯವರು ಹೊರಗೆ ವಾರಕ್ಕೆ 30 ಗಂಟೆಗಿಂತ ಹೆಚ್ಚು ಕೆಲಸ ಮಾಡದಿದ್ದರೆ, ವಿಮೆಯೇ ಅವರ ಹೆಸರಿನಲ್ಲಿ ಪಿಂಚಣಿ ವಂತಿಗೆ ಕಟ್ಟುತ್ತದೆ. ಎತ್ತುವಾಗ, ಹೊರಳಿಸುವಾಗ ಬಿದ್ದು ಪೆಟ್ಟಾದರೆ ಕಾರ್ಖಾನೆಯ ಕಾರ್ಮಿಕರಿಗೆ ಇರುವಂಥ ಅಪಘಾತ ವಿಮೆ ಇದೆ. ಆರೈಕೆ ಮಾಡುವವರಿಗೇ ಜ್ವರ ಬಂದರೆ, ನಾಲ್ಕು ದಿನ ಎಲ್ಲಾದರೂ ಹೋಗಬೇಕೆಂದರೆ, ಬದಲಿಗೆ ಬರುವವರ ಖರ್ಚನ್ನು ಒಂದು ಮಿತಿಯವರೆಗೆ ವಿಮೆ ಕೊಡುತ್ತದೆ.

ಜಪಾನ್ 2000ದ ಏಪ್ರಿಲ್‌ನಲ್ಲಿ ಇಂಥದೇ ವಿಮೆ ತಂದಿತು. ಜರ್ಮನಿಯನ್ನು ನೋಡಿಯೇ ತಂದದ್ದು. ಆದರೆ ಮನೆಯವರಿಗೆ ಹಣ ಕೊಡುವ ಭಾಗವನ್ನು ಬೇಕೆಂದೇ ಕೈಬಿಟ್ಟಿತು. ಹಣ ಬೇಡ ಎಂದು ಜೋರಾಗಿ ವಾದಿಸಿದವರು ಅಲ್ಲಿನ ಮಹಿಳಾ ಸಂಘಟನೆಗಳೇ. ಮನೆಗೆ ಹಣ ಬಂದರೆ ಸೊಸೆಯ ಕುತ್ತಿಗೆಗೆ ಆರೈಕೆ ಇನ್ನೂ ಬಿಗಿಯಾಗುತ್ತದೆ, ದುಡ್ಡು ಬರುತ್ತಿದೆಯಲ್ಲ ನೀನೇ ನೋಡಿಕೋ ಎನ್ನುತ್ತಾರೆ, ನಮಗೆ ಬೇಕಾದದ್ದು ಕೈಜೋಡಿಸುವ ಜನ ಎಂದರು. ಹಾಗಾಗಿ ಅಲ್ಲಿ ಸಿಗುವುದು ಸೇವೆ ಮಾತ್ರ. ಮನೆಗೆ ಬರುವ ಸಹಾಯಕರು, ಹಗಲಿಗೆ ಬಿಟ್ಟು ಬರುವ ಕೇಂದ್ರ, ಕೆಲವು ದಿನ ಇರಿಸುವ ವ್ಯವಸ್ಥೆ.

ಯಾರು ಸರಿ? ಜಪಾನಿನ ಹೆಣ್ಣುಮಕ್ಕಳ ಭಯ ಸುಳ್ಳಲ್ಲ ಅಂತ ನನಗೆ ಅನಿಸುತ್ತದೆ. ಕೈಗೆ ಬರೀ ಒಂದಿಷ್ಟು ಹಣ ಕೊಟ್ಟು, ಸೇವೆ ಏನೂ ಕೊಡದಿದ್ದರೆ, ಅವಳು ಮನೆಯಲ್ಲೇ ಉಳಿಯಲಿ ಎಂದು ಕೊಟ್ಟ ಹಾಗೇ ಆಗುತ್ತದೆ. ಆದರೆ ಸೇವೆ ಬರುವಷ್ಟು ಜನ, ಕೇಂದ್ರ ಇಲ್ಲದ ಕಡೆ ಹಣವೂ ಬೇಡ ಎಂದರೆ ಅವಳು ಬರಿಗೈಲಿ ನಿಲ್ಲುತ್ತಾಳೆ. ಆರಿಸಿಕೊಳ್ಳುವ ಹಕ್ಕು ಅವಳದಾಗಿರಬೇಕು, ಹಾಗಾಗಿ ನಾನು ಜರ್ಮನಿಯ ಕಡೆ ವಾಲುತ್ತೇನೆ. ಒಂದನ್ನೇ ಮೊದಲು ಮಾಡಲು ಸಾಧ್ಯ ಅನ್ನುವ ಸರ್ಕಾರವಿದ್ದರೆ ಬದಲಿ ಜನರ ವ್ಯವಸ್ಥೆಯನ್ನೇ ಮೊದಲು ಮಾಡಿ ಅನ್ನುತ್ತೇನೆ. ಯಾಕೆಂದರೆ ನಿದ್ದೆಗೆಟ್ಟವರು ಹಣ ಕೊಟ್ಟು ನಿದ್ದೆ ಕೊಳ್ಳಬೇಕೆಂದರೂ ಮಾರಲು ಯಾರಾದರೂ ಇರಬೇಕಲ್ಲ.

ಈಗ ಕೋರ್ಟುಗಳ ಕಡೆ ಬರೋಣ. ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟಲೇಬೇಕಾದ ಸಂದರ್ಭ ನ್ಯಾಯಾಧೀಶರಿಗೆ ಬರುವುದು ಹೆಚ್ಚಾಗಿ ಎರಡು ಸಲ. ಅವಳು ಅಪಘಾತದಲ್ಲಿ ಸತ್ತಾಗ, ಇಲ್ಲವೇ ಮದುವೆ ಮುರಿದಾಗ. ಭಾರತದಲ್ಲಿ ಮೊದಲನೆಯದು ದೊಡ್ಡ ಕಥೆ. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ ಪಟ್ಟಿಯಲ್ಲಿ, ಗಳಿಕೆ ಇಲ್ಲದ ಹೆಂಡತಿ ತೀರಿಕೊಂಡರೆ ಪರಿಹಾರದ ಲೆಕ್ಕಕ್ಕೆ ಅವಳ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಹಿಡಿಯಬೇಕು ಎಂದಿತ್ತು. ಗಂಡನ ಸಂಬಳ ಕಡಿಮೆಯಾದರೆ ಅವಳ ಕೆಲಸವೂ ಕಡಿಮೆಯಾ? ಟಾಟಾ ಕಂಪನಿಯ ಸಂಸ್ಥಾಪಕರ ದಿನದಂದು 1989ರಲ್ಲಿ ಜಮ್ಶೆಡ್‌ಪುರದಲ್ಲಿ ಬೆಂಕಿ ಬಿದ್ದು ಬಹಳ ಜನ ಸತ್ತಿದ್ದರು. ಆ ಪ್ರಕರಣದಲ್ಲಿ, 2001ರಲ್ಲಿ, ಸುಪ್ರೀಂ ಕೋರ್ಟು ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಬೆಲೆ ಇಟ್ಟಿತು. 2010ರ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಅವರು ಜನಗಣತಿಯ ಬಗ್ಗೆಯೇ ಕಟುವಾಗಿ ಬರೆದರು. 2001ರ ಗಣತಿಯಲ್ಲಿ ಸುಮಾರು 36 ಕೋಟಿ ಹೆಂಗಸರನ್ನು ಕೆಲಸ ಮಾಡದವರು ಎಂದು ಸೇರಿಸಿ, ಭಿಕ್ಷುಕರು, ಕೈದಿಗಳು ಇರುವ ಗುಂಪಿನಲ್ಲೇ ಇಟ್ಟಿದ್ದನ್ನು ಎತ್ತಿ ತೋರಿಸಿದರು. 2021ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು. ಬದುಕಿದ್ದರೆ ಮುಂದಿನ ವರ್ಷಗಳಲ್ಲಿ ಆದಾಯ ಏರುತ್ತಿತ್ತು ಎಂದು ಸಂಬಳದಾರರಿಗೆ ಹಾಕುವ ಲೆಕ್ಕವನ್ನು ಗೃಹಿಣಿಯರಿಗೂ ಹಾಕಬಹುದು ಎಂದು. ಅದರಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು 2011ರ ಗಣತಿಯ ಸಂಖ್ಯೆ ಕೊಟ್ಟಿದ್ದಾರೆ. ಮನೆಕೆಲಸವೇ ನಮ್ಮ ಮುಖ್ಯ ಕೆಲಸ ಎಂದವರಲ್ಲಿ ಹೆಂಗಸರು 15.98 ಕೋಟಿ, ಗಂಡಸರು 57.9 ಲಕ್ಷ.

ಈ ತೀರ್ಪುಗಳು ದೊಡ್ಡ ಹೆಜ್ಜೆಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುವಾಗ ಹೊಟ್ಟೆ ಚುರುಕ್ ಅನ್ನುತ್ತದೆ. ಅವಳ ಕೆಲಸಕ್ಕೆ ಇಷ್ಟು ಬೆಲೆ ಎಂದು ಕಾನೂನು ಬಾಯಿ ಬಿಟ್ಟು ಹೇಳಿದಾಗ ಕೇಳಲು ಅವಳೇ ಇಲ್ಲ.

ಮದುವೆ ಮುರಿದಾಗಿನದು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ರೀತಿ. ಇಂಗ್ಲೆಂಡಿನ ಅತ್ಯುನ್ನತ ಪೀಠ 2000ದಲ್ಲಿ, ಹಣ ತಂದವರ ಪರ, ಮನೆ ಮಕ್ಕಳನ್ನು ನೋಡಿಕೊಂಡವರ ವಿರುದ್ಧ ಪಕ್ಷಪಾತ ಕೂಡದು ಎಂದಿತು. ಚೀನಾದಲ್ಲಿ 2021ರಲ್ಲಿ ಬೀಜಿಂಗ್‌ನ ಒಂದು ಕೋರ್ಟು ಐದು ವರ್ಷಗಳ ಮನೆಕೆಲಸಕ್ಕೆ 50,000 ಯುವಾನ್ ಪರಿಹಾರ ಕೊಡಿಸಿತು. ಅಷ್ಟೇನಾ ಎಂದು ಅಲ್ಲಿನ ಜನ ಸಿಟ್ಟಿಗೆದ್ದರು, ನ್ಯಾಯವಾಗಿಯೇ. ಅದಕ್ಕಿಂತ ನನಗೆ ಇಷ್ಟವಾಗುವುದು 2023ರ ಮದ್ರಾಸ್ ಹೈಕೋರ್ಟಿನ ತೀರ್ಪು. ಗಂಡ ಹೊರಗೆ ದುಡಿದು ಹಣ ಕಳಿಸಿದ, ಹೆಂಡತಿ ಮನೆ ಮಕ್ಕಳನ್ನು ನೋಡಿಕೊಂಡಳು, ಆಸ್ತಿ ಕೊಳ್ಳಲು ಇಬ್ಬರ ದುಡಿಮೆಯೂ ಕಾರಣ, ಆದ್ದರಿಂದ ಪಾಲು ಸಮ ಎಂದಿತು. ಇದು ಪರಿಹಾರದ ಮಾತಲ್ಲ, ಒಡೆತನದ ಮಾತು.

ಇಂಥ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ದುಡ್ಡಿನ ವಾಸನೆ ಹತ್ತಿಸಬೇಕಾ? ಕೇಳುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಡಾಕ್ಟರಿಗೂ ಮೇಷ್ಟರಿಗೂ ಸಂಬಳ ಇದೆ ಅಂತ ಅವರ ಪ್ರೀತಿಯನ್ನು ಯಾರೂ ಅನುಮಾನಿಸುವುದಿಲ್ಲ. ಅಲ್ಲದೆ, ಆರೈಕೆ ಮಾಡುವವರ ಜೊತೆ ಕೂತು ಮಾತಾಡಿದರೆ ತಿಳಿಯುತ್ತದೆ, ಪ್ರೀತಿ ಸವೆಯುವುದು ದುಡ್ಡಿನಿಂದಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ನಾಳೆ ನನ್ನ ಗತಿ ಏನು ಎಂಬ ಚಿಂತೆಯಲ್ಲಿ ಬಿದ್ದಾಗ ಸವೆಯುತ್ತದೆ. ಹಾಸಿಗೆಯಲ್ಲಿರುವ ತಾಯಿಯ ಮೇಲೆ ರೇಗಿ, ಆಮೇಲೆ ಬಚ್ಚಲಮನೆಯಲ್ಲಿ ನಿಂತು ಅಳುವ ಮಗಳಿಗೆ ಬೇಕಾಗಿರುವುದು ತಾಳ್ಮೆಯ ಉಪದೇಶವಲ್ಲ, ಎರಡು ರಾತ್ರಿಯ ನಿದ್ದೆ.

ಗಂಡಸರ ಪಾಲಿನ ಬಗ್ಗೆಯೂ ಹೇಳಿಬಿಡುತ್ತೇನೆ. 1975ರ ಅಕ್ಟೋಬರ್ 24ರಂದು ಐಸ್‌ಲೆಂಡಿನ ಸುಮಾರು ನೂರಕ್ಕೆ 90 ಹೆಂಗಸರು ಒಂದು ದಿನ ಎಲ್ಲ ಕೆಲಸ ನಿಲ್ಲಿಸಿದರು, ಸಂಬಳದ್ದೂ ಮನೆಯದೂ. ಶಾಲೆಗಳು ಮುಚ್ಚಿದವು, ಅಪ್ಪಂದಿರು ಮಕ್ಕಳನ್ನು ಕಚೇರಿಗೆ ಕರೆದುಕೊಂಡು ಹೋದರು. ಮರುವರ್ಷ ಸಮಾನತೆಯ ಕಾನೂನು ಬಂತು. ಮುಂದೆ 2000ದಲ್ಲಿ, ಮಗು ಹುಟ್ಟಿದಾಗಿನ ಒಂಬತ್ತು ತಿಂಗಳ ರಜೆಯಲ್ಲಿ ಮೂರು ತಿಂಗಳನ್ನು ತಂದೆಗೇ ಮೀಸಲಿಟ್ಟರು. ಆತ ತೆಗೆದುಕೊಳ್ಳದಿದ್ದರೆ ಅದು ಹೆಂಡತಿಗೆ ಸಿಗುವುದಿಲ್ಲ, ಹೋಯಿತು ಅಷ್ಟೇ. ನಿಯಮ ಹೀಗೆ ಬರೆದ ಮೇಲೆ ಅಪ್ಪಂದಿರು ರಜೆ ಹಾಕತೊಡಗಿದರು. ಮನಸ್ಸು ಬದಲಾಗಲಿ ಎಂದು ಕಾಯುತ್ತಾ ಕೂತಿದ್ದರೆ ಇನ್ನೂ ಎಷ್ಟು ತಲೆಮಾರು ಬೇಕಾಗುತ್ತಿತ್ತೋ.

ಬಡ ದೇಶಗಳಿಗೆ ಇದೆಲ್ಲ ಆಗುವ ಮಾತಾ ಅಂತ ಕೇಳುವವರೂ ಇದ್ದಾರೆ. ಕೊಲಂಬಿಯಾದ ಬೊಗೊಟಾ ನಗರ ನೋಡಿ. ಅದೇನೂ ಶ್ರೀಮಂತ ಯುರೋಪಲ್ಲ. 2020ರಿಂದ ಅಲ್ಲಿ ‘ಆರೈಕೆ ಬಡಾವಣೆ’ಗಳನ್ನು ಮಾಡಿದ್ದಾರೆ. ಗ್ರಂಥಾಲಯ, ಸಮುದಾಯ ಭವನ, ಚಿಕಿತ್ಸಾಲಯ ಹೀಗೆ ಮೊದಲೇ ಇದ್ದ ಕಟ್ಟಡಗಳನ್ನು ನಡೆದು ಹೋಗುವಷ್ಟು ದೂರದಲ್ಲಿ ಜೋಡಿಸಿದ್ದಾರೆ. ಮನೆಯಲ್ಲಿ ನೋಡಿಕೊಳ್ಳುವವಳು ತನ್ನ ಮಗುವನ್ನೋ ವಯಸ್ಸಾದ ತಂದೆಯನ್ನೋ ಕರೆದುಕೊಂಡು ಬರುತ್ತಾಳೆ. ಅವರನ್ನು ಅಲ್ಲಿನವರು ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವಳು ನಿಂತುಹೋದ ಓದು ಮುಂದುವರಿಸಬಹುದು, ವ್ಯಾಯಾಮ ಮಾಡಬಹುದು, ವಕೀಲರನ್ನು ಕಾಣಬಹುದು. ಬಟ್ಟೆ ಒಗೆಯುವ ಯಂತ್ರಗಳೂ ಇವೆ. ಗಂಡಸರಿಗೆ ಆರೈಕೆ ಕಲಿಸುವ ತರಗತಿಯೂ ಇದೆ. ಹೊಸ ಅರಮನೆ ಕಟ್ಟಿಲ್ಲ, ಇದ್ದದ್ದನ್ನು ಅವಳ ಕೈಗೆ ಎಟುಕುವ ಹಾಗೆ ಮಾಡಿದ್ದಾರೆ.

ಭಾರತದಲ್ಲೂ ಎಳೆಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಅಂಶ ಇದೆ. ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಇಟ್ಟಿದೆ. ಮೊತ್ತ ತೀರಾ ಕಡಿಮೆ. ಆದರೂ ಅದರಲ್ಲಿ ಒಂದು ಒಳ್ಳೆಯ ಗುಣವಿದೆ. ಫಲಾನುಭವಿಯ ಹೆಸರಿನ ಜಾಗದಲ್ಲಿ ರೋಗಿಯ ಬದಲು ನೋಡಿಕೊಳ್ಳುವವರ ಹೆಸರಿದೆ. ಒಮ್ಮೆ ಹೆಸರು ಪಟ್ಟಿಗೆ ಬಂದರೆ, ಮುಂದೆ ಪಿಂಚಣಿ, ವಿಮೆ, ಬಿಡುವು ಎಲ್ಲವನ್ನೂ ಆ ಹೆಸರಿಗೆ ಸೇರಿಸುತ್ತಾ ಹೋಗಬಹುದು.

ಕೊನೆಯದಾಗಿ, ಯೋಜನೆ ಮಾಡುವ ಜಾಗದಲ್ಲಿರುವವರಿಗೆ ಒಂದು ಕೋರಿಕೆ. ನಿಮ್ಮಲ್ಲಿ ಕೆಲವರು ಇಲ್ಲೇ ಕೂತಿದ್ದೀರಿ. ಆರೈಕೆದಾರರ ಬಗ್ಗೆ ಸಮಿತಿ ಮಾಡುವಾಗ ಆರೈಕೆ ಮಾಡುವವರನ್ನೇ ಅದರಲ್ಲಿ ಕೂರಿಸಿ. ಕರೆದರೂ ಬರುವುದಿಲ್ಲ ಅನ್ನುತ್ತೀರಿ. ಹೇಗೆ ಬರುತ್ತಾರೆ? ಸಭೆ ಹನ್ನೊಂದಕ್ಕೆ ಶುರುವಾದರೆ, ಹತ್ತು ಗಂಟೆಗೆ ಅವರ ಮನೆಗೆ ತರಬೇತಿ ಪಡೆದ ಒಬ್ಬರನ್ನು ಕಳಿಸಿ. ಕಳಿಸುವ ಮೊದಲು ಎರಡು ಮೂರು ಸಲ ಭೇಟಿ ಮಾಡಿಸಿ, ರೋಗಿಗೂ ಅವರ ಮುಖ ಪರಿಚಯವಾಗಲಿ. ಆ ಖರ್ಚನ್ನು ಸಮಿತಿಯ ಪ್ರಯಾಣ ಭತ್ಯೆಯ ಪಕ್ಕದಲ್ಲೇ ಬಜೆಟ್ಟಿನಲ್ಲಿ ಬರೆಯಿರಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಮುಂದಿನ ಸಭೆಯಿಂದಲೇ ಶುರು ಮಾಡಬಹುದು.